ರಾಣಿಯ ಸಾವು ಮತ್ತು ಹೆಸರಿಲ್ಲದ ಬಟನ್ನು

ಕಳೆದ ತಿಂಗಳು ನಾನು ಓದಿ ಕಳಿಸಿದ ಕಥೆಯಲ್ಲಿ ರಾಣಿ ಪ್ರಾಣ ಬಿಡುತ್ತಿದ್ದಳು. ಪಕ್ಕದಲ್ಲೇ ಒಬ್ಬ ಗಂಡಸು, “ಬ್ಯಾಟರಿ ಟ್ವೆಂಟಿ ಪರ್ಸೆಂಟ್” ಎಂದ.

ಅವನು ನನ್ನ ಸ್ಕ್ರೀನ್ ರೀಡರ್. ನನ್ನ ಕಣ್ಣು ಹೋದ ಮೇಲೆ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರಿನ ದನಿ. ಅವನು ಸ್ಪೀಕರಿನಲ್ಲಿ ಒಂದು ಸಾಲು ಹೇಳುತ್ತಾನೆ, ನಾನು ರೆಕಾರ್ಡ್ ಒತ್ತಿ ಅದನ್ನು ಮೈಕಿಗೆ ಎಕ್ಸ್‌ಪ್ರೆಷನ್ ಕೊಟ್ಟು ಹೇಳುತ್ತೇನೆ (ಕಾನ್ವೆಂಟಿನಲ್ಲಿ ಗೆದ್ದ ಎಲೊಕ್ಯೂಷನ್ ಪ್ರೈಜು ಇನ್ನೆಲ್ಲಿ ಉಪಯೋಗಕ್ಕೆ ಬರಬೇಕು?).

ಅಂಧರ ಆಡಿಯೊ ಲೈಬ್ರರಿಯವರು ಕಥೆ ವಾಪಸ್ ಕಳಿಸಿದರು. “ಆಂಟಿ, ಇನ್ನೊಮ್ಮೆ ಹೀಗಾದರೆ ಬೇರೆಯವರ ಕೈಲಿ ಓದಿಸ್ತೀವಿ.”

ನನಗೆ ಉಳಿದಿರುವುದು ಅದೊಂದೇ ಕೆಲಸ.

ಹೆಡ್‌ಫೋನ್ ಹಾಕಿದರೆ ನನ್ನ ಸ್ವರ ನನಗೇ ಕೇಳದೆ ಕಿರುಚುತ್ತೇನೆ. ಎರಡೂ ದನಿ ಕಿವಿಗೆ ಬಂದು, ನನ್ನದಷ್ಟೇ ರೆಕಾರ್ಡ್ ಆಗಲು ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬಿ ಬೇಕಂತೆ. ವೈಜಾಗಿನ ಎಂವಿಪಿ ಕಾಲೋನಿಯಿಂದ ಲ್ಯಾಪ್‌ಟಾಪ್ ಹೊತ್ತು ವಿಜಯವಾಡದ ಮಗಳ ಮನೆಗೆ ಹೋದೆ. ಅಲ್ಲಿಂದ ಅವಳ ಜೊತೆ ಗವರ್ನರ್‌ಪೇಟೆಯ ಆಡಿಯೊ ಅಂಗಡಿಗೆ.

ಅಂಗಡಿಯವನು ಮಗಳನ್ನು ಕೇಳಿದ, “ಅಮ್ಮಗಾರಿಗೆ ಯಾವ ಕಲರ್ ಬೇಕಂತೆ?”

(ಕಣ್ಣಿಲ್ಲದವಳಿಗೆ ಮೊದಲು ಕಲರ್. ಇರಲಿ.)

ಅವನ ‘ಬೆಸ್ಟ್ ಪೀಸ್’ ಸವರಿ ನೋಡಿದೆ. ನುಣ್ಣನೆ ಗಾಜು, ಒಂದೂ ತಿರುಗುಣಿ ಇಲ್ಲ. ಎಲ್ಲ ಸಾಫ್ಟ್‌ವೇರಿನಲ್ಲಂತೆ. ಮೊದಲು ಆ ಸಾಫ್ಟ್‌ವೇರನ್ನೇ ನನ್ನ ಲ್ಯಾಪ್‌ಟಾಪಿಗೆ ಹಾಕಿಸಿ ತೆರೆದೆ. ಸ್ಕ್ರೀನ್ ರೀಡರ್ ಹೇಳಿದ: “ಬಟನ್. ಬಟನ್. ಬಟನ್.” ಯಾವುದರ ಬಟನ್? ಮಾಡಿದವರು ಹೆಸರೇ ಕೊಟ್ಟಿಲ್ಲ, ಪಾಪ ಅವನೇನು ಓದಿಯಾನು?

“ನಾನು ಕ್ಲಿಕ್ ಮಾಡಿ ಕೊಡ್ತೀನಲ್ಲಮ್ಮ,” ಎಂದಳು ಮಗಳು.

“ದಿನಾ ವೈಜಾಗಿಗೆ ಬರ್ತೀಯೇನೆ?”

ಮೂಲೆಯಿಂದ ಹಳೇ ಮಾಡೆಲ್ ಒಂದು ಬಂತು. ದಪ್ಪ ತಿರುಗುಣಿಗಳು, ತಿರುಗಿಸಿದರೆ ಕಟಕ್ ಎನ್ನುತ್ತವೆ. ಲ್ಯಾಪ್‌ಟಾಪಿಗೆ ಜೋಡಿಸಿದೆವು. ನನ್ನ ಹೆಡ್‌ಫೋನಿನಲ್ಲಿ ಸ್ಕ್ರೀನ್ ರೀಡರ್ ಗಪ್‌ಚಿಪ್. ಸದ್ದೇ ಇಲ್ಲವೆಂದೆ.

“ಲ್ಯಾಪ್‌ಟಾಪ್ ಹೋಯ್ತು,” ಎಂದ ಅಂಗಡಿಯವನು.

“ಅಮ್ಮ, ನೀನೇ ಏನೋ ಒತ್ತಿದೆ,” ಎಂದಳು ಮಗಳು.

ಇಬ್ಬರೂ ಸ್ಕ್ರೀನ್ ನೋಡುತ್ತಿದ್ದರು. ನಾನು ವೈರು ತಡವಿದೆ. ಹೆಡ್‌ಫೋನಿನ ಪಿನ್ನು ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ! ಹೊಸ ಡಬ್ಬಿ ಸಿಕ್ಕಿದ್ದೇ ತಡ, ನಮ್ಮವನು ದನಿ ಸಮೇತ ಅಲ್ಲಿಗೆ ಬಿಡಾರ ಬದಲಿಸಿದ್ದ. ಪಿನ್ನು ಕಿತ್ತು ಡಬ್ಬಿಗೆ ಚುಚ್ಚಿದೆ. ಒಳಗೆ ಒಬ್ಬನೇ ವಟಗುಟ್ಟುತ್ತಿದ್ದ.

“ಹೇಗೆ ಗೊತ್ತಾಯ್ತು ಮೇಡಂ?” ಅಂಗಡಿಯವನು ಮೊದಲ ಸಲ ನನ್ನನ್ನೇ ಕೇಳಿದ.

ಅಲ್ಲೇ ಎರಡು ಸಾಲು ಓದಿ ರೆಕಾರ್ಡ್ ಮಾಡಿದೆ. ನನ್ನ ದನಿ ಮಾತ್ರ. ಆ ಡಬ್ಬಿಯನ್ನೇ ಕೊಂಡೆ, ಕೆಲಸ ಉಳಿಯಿತು.

ಮೆಟ್ಟಿಲು ಇಳಿಯುವಾಗ ಒಂದು ಕೈಯನ್ನು ಮಗಳು, ಇನ್ನೊಂದನ್ನು ಅಂಗಡಿಯವನು ಹಿಡಿದುಕೊಂಡರು. ಕೈ ಹಿಡಿಯಲು ಇಷ್ಟು ಜನ ಇರುವಾಗ, ಒಂದು ಬಟನ್ನಿಗೆ ಹೆಸರಿಡಲು ಯಾರಿಗೂ ಪುರುಸೊತ್ತಿಲ್ಲವೇ?