ಕೈಯಿಟ್ಟು ನೋಡದೆ ಸಹಿ ಹಾಕದ ಬೊಂಗ್‌ಸುನ್

ಬೆಳಗಿನ ಆರೂವರೆ. ಹೊರಗೆ ಮೈನಸ್ ಹನ್ನೊಂದು ಡಿಗ್ರಿ. ವೊಂಜು ಊರಿನ ಹೊಸ ಗ್ರಂಥಾಲಯಕ್ಕೆ ಪುಸ್ತಕವಿರಲಿ, ಕಪಾಟುಗಳೇ ಇನ್ನೂ ಬಂದಿಲ್ಲ. ತಾಕ್ ಬೊಂಗ್‌ಸುನ್ ಮಾತ್ರ ಆಗಲೇ ಏಣಿಯ ಆರನೇ ಮೆಟ್ಟಿಲಿನಲ್ಲಿದ್ದಾರೆ. ಚಾವಣಿಯ ಗಾಳಿಕಿಂಡಿಗೆ ಬಟ್ಟೆಯ ದೊಡ್ಡ ಗವಸನ್ನು ಒತ್ತಿ ಹಿಡಿದು, ಗಾಳಿ ಎಷ್ಟು ಬರುತ್ತಿದೆಯೆಂದು ಅದರ ತಳದ ಮೀಟರಿನಲ್ಲಿ ಓದುತ್ತಾರೆ. "ಮುನ್ನೂರ ಹತ್ತು ಇರ್ಬೇಕಿತ್ತು. ಇನ್ನೂರ ಅರವತ್ತೇ ಬರ್ತಿದೆ, ಕಳ್ಳ ನನ್ಮಗ," ಎಂದು ಕಿಂಡಿಯನ್ನೇ ಬೈದು, ಕೊಳವೆಯೊಳಗಿನ ತಗಡಿನ ಬಾಗಿಲನ್ನು ಒಂದೆಳೆಯಷ್ಟು ತಿರುಗಿಸುತ್ತಾರೆ. ಮತ್ತೆ ಗವಸು, ಮತ್ತೆ ಮೀಟರ್.

ಕಟ್ಟಡ ಮುಗಿದ ಮೇಲೆ, ಜನ ಒಳಗೆ ಕಾಲಿಡುವ ಮೊದಲು, ಬಿಸಿ ಮಾಡುವ ತಂಪು ಮಾಡುವ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ಎಂದು ಕೋಣೆ ಕೋಣೆಗೂ ಹೋಗಿ ಪರೀಕ್ಷಿಸಿ ಸಹಿ ಹಾಕುವುದು ಈಕೆಯ ಕೆಲಸ. ವಯಸ್ಸು ಐವತ್ತೊಂಬತ್ತು. ದಿನಕ್ಕೆ ಅರವತ್ತು ಕಿಂಡಿ. ಅಂದರೆ ಅರವತ್ತು ಸಲ ಏಣಿ ಹತ್ತಿ ಇಳಿಯಬೇಕು. ಎಡ ಮಂಡಿಗೆ ಒಮ್ಮೆ ಶಸ್ತ್ರಚಿಕಿತ್ಸೆ ಆಗಿದೆ. "ಡಾಕ್ಟರ್ ಏಣಿ ಬಿಡಿ ಅಂದ್ರು. ಡಾಕ್ಟರನ್ನ ಬಿಟ್ಟೆ," ಎಂದು ನಗುತ್ತಾರೆ.

ಗಾಳಿಯ ಪಾಠ ಕಲಿತದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ದೇಗು ನಗರದ ನೂಲಿನ ಗಿರಣಿಯಲ್ಲಿ. ಗಾಳಿ ಒಣಗಿದರೆ ಅಲ್ಲಿ ಎಳೆ ಪಟಪಟನೆ ಕಡಿಯುತ್ತಿತ್ತು, ಮೇಸ್ತ್ರಿ ಬೈಯುತ್ತಿದ್ದ. ಬೈಗುಳ ತಪ್ಪಿಸಿಕೊಳ್ಳಲೆಂದೇ ಎಳೆ ಕಡಿಯುವ ಮೊದಲೇ ಗಾಳಿ ಒಣಗಿದ್ದನ್ನು ಕೆನ್ನೆಯಿಂದ ಗುರುತಿಸಲು ಕಲಿತರು. ಗಿರಣಿ ಮುಚ್ಚಿದಾಗ, ಕಟ್ಟಡಗಳ ಗಾಳಿ ಅಳೆಯುವ ಒಬ್ಬ ಹಿರಿಯರ ಹಿಂದೆ ಏಣಿ ಹೊತ್ತು ಹೊರಟರು. ಹೆಂಗಸಿಗೆ ಇದೆಲ್ಲಿ ಆಗುತ್ತದೆ ಎಂದವರ ಕಟ್ಟಡಗಳಿಗೂ ಆಮೇಲೆ ಅವರದೇ ಸಹಿ ಬಿತ್ತು.

ಈಗ ಕಾಲ ಬದಲಾಗಿದೆ. ಸೆನ್ಸರುಗಳು ಗೋಡೆಗೊಂದರಂತೆ ಕೂತಿವೆ. ಪ್ರೋಗ್ರಾಂ ತಾನೇ ಯಂತ್ರಗಳನ್ನು ಓಡಿಸಿ, ತಾನೇ ಪರೀಕ್ಷಿಸಿ, ತಾನೇ ವರದಿ ಬರೆಯುತ್ತದೆ. ಹನ್ನೆರಡು ದಿನದ ಕೆಲಸ ಒಂದೂವರೆ ದಿನಕ್ಕೆ ಇಳಿದಿದೆ. ಉಳಿದದ್ದು ಸಹಿಯೊಂದೇ.

ಮೂರು ವರ್ಷದ ಹಿಂದೆ ಜಗಳ ಶುರುವಾದದ್ದೂ ಆ ಸಹಿಯಿಂದಲೇ. ಊರಿನಲ್ಲಿ ಹೊಸ ಬಾಣಂತಿ ಆರೈಕೆ ಕೇಂದ್ರ ಸಿದ್ಧವಾಗಿತ್ತು. ಮೂವತ್ತೆಂಟು ಕೋಣೆ, ನಡುವೆ ಹಸುಗೂಸುಗಳ ಕೋಣೆ. ಉದ್ಘಾಟನೆಗೆ ಮೂರೇ ದಿನ. ಗುತ್ತಿಗೆ ಸಂಸ್ಥೆಯ ಮ್ಯಾನೇಜರ್ ಚು ಟ್ಯಾಬ್ ಮುಂದೆ ಚಾಚಿದ. ಪರದೆಯ ತುಂಬ ಹಸಿರು.

"ಎಲ್ಲಾ ಪಾಸ್ ಆಗಿದೆ ಆಂಟಿ. ಇಲ್ಲೊಂದು ಸಹಿ ಹಾಕ್ಬಿಟ್ರೆ ಮನೆಗೆ ಹೋಗಿ ಬಿಸಿ ಸೂಪ್ ಕುಡೀಬಹುದು."

"ಸೂಪ್ ಆಮೇಲೆ ಕುಡೀತೀನಿ. ಮೊದ್ಲು ಕೂಸುಗಳ ಕೋಣೆ ನೋಡ್ಬೇಕು."

"ಪರದೇಲಿ ಇಪ್ಪತ್ತೈದು ಡಿಗ್ರಿ ಕಾಣ್ತಿಲ್ವಾ?"

"ಕೂಸು ಪರದೇಲಿ ಮಲಗುತ್ತಾ ತಮ್ಮಾ?"

ಬೊಂಗ್‌ಸುನ್ ಒಳಗೆ ಹೋಗಿ ನಿಂತರು. ಕೆನ್ನೆಗೆ ತಣ್ಣಗೆ ತಾಗಿತು. ತೊಟ್ಟಿಲು ಬರಬೇಕಾದ ಎತ್ತರದಲ್ಲಿ ಮೀಟರ್ ಹಿಡಿದರೆ ಇಪ್ಪತ್ತೂವರೆ ಡಿಗ್ರಿ. ಚು ಒಪ್ಪಲಿಲ್ಲ, ಮೀಟರೇ ಹಳೇದು ಎಂದ. ಬೊಂಗ್‌ಸುನ್ ಅಲ್ಲಿದ್ದ ಮೇಜೊಂದನ್ನು ಎಳೆದು ತಂದರು. "ಮೀಟರ್ ಬೇಡ ಬಿಡಿ. ಕೋಟು, ಸ್ವೆಟರ್ ಬಿಚ್ಚಿ, ಬರೀ ಬನಿಯನ್ನಲ್ಲಿ ಇದರ ಮೇಲೆ ಹತ್ತು ನಿಮಿಷ ಮಲಗಿ. ಮಿಸುಕಾಡಬಾರದು. ಕೂಸಿಗೆ ಹೊದಿಕೆ ಎಳ್ಕೊಳ್ಳೋಕೂ ಬರಲ್ಲ."

ಸುತ್ತ ನಿಂತಿದ್ದ ಬಣ್ಣದ ಕೆಲಸದವರು ಕಿಸಕ್ಕನೆ ನಕ್ಕರು. ಹಿಂಜರಿದರೆ ಮಾನ ಹೋಗುತ್ತದೆಂದು ಚು ಮಲಗಿಯೇಬಿಟ್ಟ. ನಾಲ್ಕನೇ ನಿಮಿಷಕ್ಕೆ ತೋಳಿನ ರೋಮ ನೆಟ್ಟಗಾದವು. ಆರನೇ ನಿಮಿಷಕ್ಕೆ ಎದ್ದು ಕೂತು, ಸ್ವೆಟರಿಗೆ ಕೈ ಚಾಚಿದ.

ಬೊಂಗ್‌ಸುನ್ ಗೋಡೆಯ ಸೆನ್ಸರ್ ಬಿಚ್ಚಿ ತೋರಿಸಿದರು. ವೈರು ಬರುವ ಕೊಳವೆಯ ಬಾಯನ್ನು ಯಾರೋ ಮುಚ್ಚದೆ ಬಿಟ್ಟಿದ್ದರು. ಚಾವಣಿಯೊಳಗಿನ ಬಿಸಿ ಗಾಳಿ ಅದರ ಮೂಲಕ ನುಗ್ಗಿ ಸೆನ್ಸರಿನ ಬೆನ್ನಿಗೆ ಊದುತ್ತಿತ್ತು. ಅದು ಇಪ್ಪತ್ತೈದು ಎಂದು ಹೇಳುತ್ತಲೇ ಇತ್ತು, ಕೋಣೆ ತಣ್ಣಗಾಗುತ್ತಲೇ ಇತ್ತು. ಮೂವತ್ತೆಂಟು ಕೋಣೆಗಳನ್ನೂ ನೋಡಿಯೇ ತೀರುತ್ತೇನೆಂದು ಪಟ್ಟು ಹಿಡಿದರು. ಒಂಬತ್ತರಲ್ಲಿ ಇದೇ ಕಥೆ. ಒಂದೊಂದು ಬಾಯಿಗೂ ಪುಟ್ಟಿ ಮೆತ್ತಿ, ಬಿಸಿ ಸರಿಹೊಂದಿದ ಮೇಲೆಯೇ ಪೆನ್ನು ತೆಗೆದರು. ಉದ್ಘಾಟನೆ ನಾಲ್ಕು ದಿನ ಮುಂದಕ್ಕೆ ಹೋಯಿತು.

ಕೇಂದ್ರದ ಒಡತಿ ಕೈಹಿಡಿದು ಧನ್ಯವಾದ ಹೇಳಿದರು. ಗುತ್ತಿಗೆ ಸಂಸ್ಥೆ ಮಾತ್ರ ಒಂದೂವರೆ ವರ್ಷ ಬೊಂಗ್‌ಸುನ್ ಅವರನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ. 'ತಡಮಾಡುವ ಆಂಟಿ' ಎಂಬ ಹೆಸರು ಊರೆಲ್ಲ ಹಬ್ಬಿತು. ಆ ದಿನಗಳಲ್ಲಿ ಹಳೆಯ ಸ್ನಾನಗೃಹಗಳ, ಶಾಲೆಯ ಅಡುಗೆಮನೆಗಳ ಗಾಳಿ ಸರಿಮಾಡಿಕೊಂಡು ಕಾಲ ತಳ್ಳಿದರು. "ಬೇಜಾರಾಗ್ಲಿಲ್ವಾ?" ಎಂದರೆ ಮುಖ ಗಂಟಿಕ್ಕುತ್ತಾರೆ. "ಆಯ್ತು. ಮನೇಲಿ ಕೂತು ಅತ್ತೂ ಇದ್ದೀನಿ. ಹಾಗಂತ ನೋಡದ ಕೋಣೆಗೆ ಸಹಿ ಹಾಕ್ಲಾ?"

ಮತ್ತೆ ಫೋನ್ ಮಾಡಿದವನು ಚು. ಬೇರೆ ಸಂಸ್ಥೆ ಸೇರಿದ್ದ. ಈ ಗ್ರಂಥಾಲಯದ ಕೆಲಸಕ್ಕೆ ಕರೆದವನೂ ಅವನೇ. ಈಗ ಅವನ ಬಾಯಲ್ಲಿ ಆಂಟಿ ಹೋಗಿ 'ತಾಕ್ ಮೇಡಂ' ಬಂದಿದೆ.

ಬೊಂಗ್‌ಸುನ್ ಯಂತ್ರದ್ವೇಷಿಯಲ್ಲ. ಮಧ್ಯಾಹ್ನದ ಊಟಕ್ಕೆ ತಂದ ಅನ್ನದ ಸುರುಳಿ ಕಿಂಬಾಪ್ ತಿನ್ನುತ್ತಲೇ ಟ್ಯಾಬಿನ ಗೆರೆಗಳನ್ನು ಬೆರಳಿನಿಂದ ಸರಿಸಿ, ರಾತ್ರಿಯಿಡೀ ಯಾವ ಕೋಣೆ ಹೇಗೆ ಬಿಸಿಯಾಯಿತೆಂದು ಓದುತ್ತಾರೆ. "ನಾನು ಮಲಗಿದ್ದಾಗ್ಲೂ ಇದು ನೋಡ್ತಿರುತ್ತೆ, ಒಳ್ಳೇದೇ. ಆದ್ರೆ ಅದಕ್ಕೆ ಚಳಿ ಆಗಲ್ಲ ನೋಡಿ." ಪ್ರೋಗ್ರಾಂ ಬರೆಯುವ ಸಂಸ್ಥೆಯೊಂದು ಅವರನ್ನು ಸಿಯೋಲ್‌ಗೆ ಕರೆಸಿ, ಎಲ್ಲೆಲ್ಲಿ ತಪ್ಪಾಗುತ್ತದೆ ಹೇಳಿಕೊಡಿ ಎಂದಿತ್ತು. ಎರಡು ದಿನ ಕೂತು ಎಲ್ಲವನ್ನೂ ಹೇಳಿಕೊಟ್ಟರು. ಕೊನೆಗೆ ಒಂದೇ ಬೇಡಿಕೆ ಇಟ್ಟರು: ಮನುಷ್ಯರು ಕೋಣೆಯೊಳಗೆ ಹೋಗಿ ಬರುವ ತನಕ ಪ್ರೋಗ್ರಾಂ ಹಸಿರು ತೋರಿಸಬಾರದು. ತಡವಾಗುತ್ತದೆ ಎಂದರು ಸಂಸ್ಥೆಯವರು. ಈಕೆ ಚೀಲ ಹೆಗಲಿಗೇರಿಸಿ ರೈಲು ಹತ್ತಿದರು. ಈಗಲೂ ತಿಂಗಳಿಗೊಂದು ಪತ್ರ ಬರೆದು ಅದನ್ನೇ ಕೇಳುತ್ತಾರೆ.

ಸಂಜೆ ನಾಲ್ಕಕ್ಕೆ ಐವತ್ತೆಂಟನೇ ಕಿಂಡಿ ಮುಗಿಯಿತು. ಇನ್ನೆಷ್ಟು ದಿನ ಈ ಕೆಲಸ ಎಂದು ಕೇಳಿದರೆ, ಯಂತ್ರದ ಕೋಣೆಯ ಬಾಗಿಲಿನ ಒಳಬದಿ ತೋರಿಸುತ್ತಾರೆ. ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಬರೆದ ಹೆಸರು, ಕೆಳಗೆ ಅವರ ಮೊಬೈಲ್ ನಂಬರ್.

"ಇಲ್ಲಿ ಓದೋಕೆ ಬಂದವರಿಗೆ ಚಳಿ ಆದ್ರೆ ಬೈಯೋಕೆ ಒಬ್ಬರು ಬೇಕಲ್ವಾ? ಫೋನ್ ಮಾಡ್ಲಿ. ಎತ್ತೋದು ನಾನೇ."