ಪಾಲಿಶ್ ವಾಸನೆ

ಮರಗೆಲಸದ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಪಾಲಿಶಣ್ಣ ಎಂದೇ ಕರೆಯುತ್ತಿದ್ದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಮರಕ್ಕೆ ತಿಕ್ಕುವುದು ಅವನ ಕಸುಬು. ಅವನು ತಿಕ್ಕಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಆದರೆ ಸ್ಪಿರಿಟ್ಟಿನಲ್ಲಿ ಅರ್ಧ ಮರಕ್ಕೆ ಹೋದರೆ ಇನ್ನರ್ಧ ಅವನ ಗಂಟಲಿಗೆ ಇಳಿಯುತ್ತಿತ್ತು. ಸಂಜೆ ಹೆಂಡತಿ ಹತ್ತಿರ ಬಂದು ಮೂಸಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಪಾಲಿಶ್ ವಾಸನೆ ಕಣೇ." ಮಗಳಿಗೂ ಅದೇ ಉತ್ತರ. ಈ ಒಂದು ಮಾತಿನ ಮೇಲೆ ಇಡೀ ಸಂಸಾರ ನಡೆಸಿದ, ಮಹಾ ಜಾಣ! ಹೆಂಡತಿ ಅದನ್ನೇ ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿದಳು. ಮಗಳು ಮದುವೆಯಾಗಿ ಹೊರಡುವಾಗ, "ಕುಡಿತ ಬಿಟ್ಟಮೇಲೆ ಬಾ," ಎಂದಷ್ಟೇ ಹೇಳಿ ಹೋದಳು.

ಆಸ್ಪತ್ರೆ ಸೇರಿ, ಚಮಚ ಹಿಡಿಯಲಾರದಷ್ಟು ಕೈ ನಡುಗಿ, ಹೇಗೋ ಬಿಟ್ಟ. ಪಾಲಿಶ್ ಸಹವಾಸವೇ ಬೇಡವೆಂದು, ಮರಕ್ಕೆ ಉಪ್ಪುಕಾಗದ ಉಜ್ಜಿ ನಯ ಮಾಡುವ ಕೆಲಸಕ್ಕೆ ನಿಂತ. ಅಷ್ಟರಲ್ಲಿ ಮಗಳಿಗೆ ಮಗುವಾದ ಸುದ್ದಿ ಬಂತು. ತಾನೇ ಕೂತು ತೊಟ್ಟಿಲು ಮಾಡಿದ. ಮೊಮ್ಮಗುವಿನ ತೊಟ್ಟಿಲು ಮಂಕಾಗಿರುವುದುಂಟೇ? "ಬೇಡಪ್ಪ, ಆ ಸ್ಪಿರಿಟ್ ಬಾಟ್ಲಿ ಮುಟ್ಬೇಡ," ಎಂದು ಮೇಸ್ತ್ರಿ ಅಂಗಲಾಚಿದ. ಇವನು ಕೇಳಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿಕ್ಕಿದ. ಬಾಟಲಿ ಪೂರ್ತಿ ಮರಕ್ಕೇ ಹೋಯಿತು. ಒಂದು ಹನಿಯೂ ಗಂಟಲಿಗೆ ಇಳಿಯಲಿಲ್ಲ. ಅಂಥ ಗೆಲುವು ಅವನ ಜನ್ಮದಲ್ಲೇ ಇರಲಿಲ್ಲ. ಪಾಲಿಶ್ ಒಣಗುವಷ್ಟೂ ತಾಳ್ಮೆಯಿಲ್ಲದೆ, ತೊಟ್ಟಿಲನ್ನು ಹೆಗಲಿಗೇರಿಸಿ ಮಗಳ ಮನೆಗೆ ಓಡಿದ.

ಮಗಳು ಬಾಗಿಲು ತೆಗೆದವಳೇ ಮುಖ ಹಿಂಡಿದಳು. "ಇವತ್ತೂ ಕುಡ್ಕೊಂಡ್ ಬಂದ್ಯಾ ಅಪ್ಪ?"

"ಇಲ್ಲಮ್ಮ, ಇದು ಪಾಲಿಶ್ ವಾಸನೆ..."

ಆಡಿದ ಮೇಲೆ ಅವನ ಕಿವಿಗೇ ಆ ಮಾತು ಬಿತ್ತು. ಜೀವಮಾನವೆಲ್ಲ ಹೇಳಿದ ಸುಳ್ಳು, ನಿಜವಾದ ದಿನವೇ ಕೈ ಕೊಟ್ಟಿತ್ತು.

"ಅಮ್ಮಂಗೂ ಇದನ್ನೇ ಹೇಳ್ತಿದ್ದೆ," ಎಂದು ಅವಳು ಬಾಗಿಲು ಹಾಕಿಕೊಂಡಳು.

ದಾರಿಯಲ್ಲಿ ಹೆಂಡದಂಗಡಿ ಕಂಡಾಗ ಕಾಲು ತಾನಾಗಿ ಅತ್ತ ತಿರುಗಿತು. ಆದರೆ ತೊಟ್ಟಿಲು ಹೊತ್ತುಕೊಂಡು ಒಳಗೆ ಹೋಗುವುದು ಹೇಗೆ? ಬೀದಿಯಲ್ಲಿ ಅದನ್ನು ಇಳಿಸಿ ಹೋಗಲು ಮನಸ್ಸೂ ಬರಲಿಲ್ಲ. ಅಳುತ್ತಲೇ ಶೆಡ್ಡಿಗೆ ಹಿಂದಿರುಗಿದ. ತನ್ನ ಜೀವನದಲ್ಲೇ ಅತಿ ಚೆಂದದ ಆ ಪಾಲಿಶನ್ನು ಕೈಯಾರೆ ಕೆರೆದು ತೆಗೆದ. ಉಜ್ಜಿ, ಜೇನುಮೇಣ ಸವರಿ, ಬಿಸಿಲಿಗಿಟ್ಟ. ತನ್ನ ಮೂಗಿನ ಮೇಲೆ ತನಗೇ ನಂಬಿಕೆಯಿಲ್ಲದೆ, ಶೆಡ್ಡಿನವರನ್ನೆಲ್ಲ ಕರೆದು ಮೂಸಿಸಿದ.

ಎರಡನೇ ಸಲ ಬಾಗಿಲಲ್ಲಿ ನಿಂತಾಗ ಅವನು ತೊಟ್ಟಿಲನ್ನು ಕೆಳಗಿಳಿಸಿದ. ಮಗಳು ಮೊದಲು ಬಗ್ಗಿ ತೊಟ್ಟಿಲು ಮೂಸಿದಳು. ಆಮೇಲೆ ಹತ್ತಿರ ಬಂದು, ತಾಯಿಯ ಹಾಗೆಯೇ, ಅವನ ಮುಖ ಮೂಸಿದಳು. ಅವಳ ಕಣ್ಣು ತುಂಬಿತು.

"ವಾಸನೆ ಇಲ್ಲ," ಎಂದಳು. ತೊಟ್ಟಿಲನ್ನು ಒಳಗೆ ಎಳೆದುಕೊಂಡಳು. "ಆದ್ರೆ ನಿನ್ನ ಒಳಗೆ ಕರೆಯೋಕೆ ನಂಗಿನ್ನೂ ಧೈರ್ಯ ಬರ್ತಿಲ್ಲ ಅಪ್ಪ."

"ಸರಿಯಮ್ಮ," ಎಂದ.

ಬಾಗಿಲು ಮುಚ್ಚಿತು. ಅವನು ಮೆಟ್ಟಿಲ ಮೇಲೆ ಕೂತ. ಒಳಗೆ ತೊಟ್ಟಿಲು ತೂಗುವ ಸದ್ದು ಕೇಳಿಸಿತು. ಮಗು ನಿದ್ದೆ ಹೋಗಿ ಆ ಸದ್ದು ನಿಲ್ಲುವವರೆಗೂ ಕೂತಿದ್ದು, ಕೆಲಸಕ್ಕೆ ಹೋದ.