ಎಡಗಡೆಯ ಕುರ್ಚಿ

ಕಳೆದ ವಾರ ಲಂಡನ್ನಿನ ಹ್ಯಾರೋದ ಒಂದು ಹಾಲ್‌ನಲ್ಲಿ, ಅಂತ್ಯಕ್ರಿಯೆ ಮುಗಿಸಿ ಬಂದವರಿಗೆ ಚಹಾ ಕೊಡುತ್ತಿದ್ದರು. ತಟ್ಟೆಯಲ್ಲಿದ್ದ ಬನ್ ಮುರಿದೆ. ಏಲಕ್ಕಿಯ ಘಮ ಬಂತು. ಸತ್ತವನು ನನ್ನ ಗಂಡನ ಹಳೆಯ ಮೇಲಧಿಕಾರಿ, ಆಸ್ಪತ್ರೆಯ ದೊಡ್ಡ ಸರ್ಜನ್. ತನ್ನ ಕೈಯಿಂದಾದ ತಪ್ಪನ್ನು ನಮ್ಮವರ ತಲೆಗೆ ಕಟ್ಟಿ, ಅವರು ಕನ್ಸಲ್ಟೆಂಟ್ ಎಂಬ ಹಿರಿಯ ಹುದ್ದೆಗೆ ಏರದಂತೆ ನೋಡಿಕೊಂಡ ಮಹಾನುಭಾವ. ಅವನಿಗಾಗಿ ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಆ ಏಲಕ್ಕಿಗೆ ಮಾತ್ರ ಕಣ್ಣು ತುಂಬಿತು... ನಮ್ಮ ಪಕ್ಕದ ಮನೆಯ ಕರ್ನಲ್ ಸಾಹೇಬರು ನೆನಪಾದರು.

ತೊಂಬತ್ತರ ದಶಕದಲ್ಲಿ ನಮ್ಮದೂ ಅವರದೂ ಒಂದೇ ಗೋಡೆ ಹಂಚಿಕೊಂಡ ಮನೆಗಳು. ಅವರು ಸ್ವೀಡನ್ನಿನ ವಾಯುಪಡೆಯಿಂದ ನಿವೃತ್ತರಾದವರು. ಕರ್ನಲ್ ಎಂದರೆ ಭೂಸೇನೆಯವರೇ ಇರಬೇಕೆಂದು ನಾನು ಅಂದುಕೊಂಡಿದ್ದೆ. ಅವರಲ್ಲಿ ವಿಮಾನ ಹಾರಿಸುವವರಿಗೂ ಆ ಪದವಿ ಇದೆಯಂತೆ. ಹೆಂಡತಿ ತೀರಿಕೊಂಡಿದ್ದರು. ಶನಿವಾರ ಬೆಳಿಗ್ಗೆ ತಾವೇ ಏಲಕ್ಕಿ ಕುಟ್ಟಿ ಬನ್ ಮಾಡುತ್ತಿದ್ದರು. ವೆಂಬ್ಲಿಯ ನಮ್ಮವರ ಅಂಗಡಿಗಳಿಂದ ನಾನು ಏಲಕ್ಕಿ ತಂದುಕೊಟ್ಟರೆ, ಅವರು ಬೇಲಿಯ ಮೇಲಿಂದ ಬಿಸಿ ಬನ್ ಕೊಡುತ್ತಿದ್ದರು. ಬನ್ನಿನ ಜೊತೆ ಕಾಫಿ, ಕಾಫಿಯ ಜೊತೆ ಸಿಟ್ಟು. ನನ್ನದು ಆ ಸರ್ಜನ್ ಮೇಲೆ, ಅವರದು ತಮ್ಮ ಹಳೆಯ ಜನರಲ್ ಮೇಲೆ. ನಮ್ಮ ಸ್ನೇಹ ಕುದುರಿದ್ದೇ ಸಿಟ್ಟಿನಿಂದ.

ಪೈಲಟ್ ಆಗಿ ಸೇರಿ, ಬಡ್ತಿಯ ಮೇಲೆ ಬಡ್ತಿ ಪಡೆದು, ಒಂದು ಇಡೀ ವಾಯುನೆಲೆಗೆ ಅವರು ಮುಖ್ಯಸ್ಥರಾಗಿದ್ದರು. ಅವರ ದೇಶದಲ್ಲಿ ಯುದ್ಧವಿಮಾನಗಳನ್ನು ಕಾಡಿನ ನಡುವಿನ ಹೆದ್ದಾರಿಯ ಮೇಲೆ ಇಳಿಸುವ ಅಭ್ಯಾಸ ಮಾಡಿಸುತ್ತಾರೆ. ಒಂದು ಚಳಿಗಾಲ, ರಾಜಧಾನಿಯಿಂದ ಬಂದ ದೊಡ್ಡವರ ಮುಂದೆ ಅದನ್ನು ತೋರಿಸಬೇಕಿತ್ತು. ಮಂಜು ಕವಿದಿತ್ತು. ಬೇಡ ಎಂದು ಕರ್ನಲ್ ಸಾಹೇಬರು ಹೇಳಿದರು. ಇಳಿಸಲೇಬೇಕು ಎಂದು ಅವರ ಮೇಲಿದ್ದ ಜನರಲ್ ಆಜ್ಞೆ ಮಾಡಿದ. ಮದುವೆಯಾಗಿ ವರ್ಷವೂ ಆಗದ ಹುಡುಗನೊಬ್ಬ ವಿಮಾನದೊಂದಿಗೆ ಮರಗಳಿಗೆ ಬಡಿದು ಸತ್ತ. ವಿಚಾರಣೆಯಲ್ಲಿ ಜನರಲ್, ಮಂಜಿನ ವಿಷಯ ತನಗೆ ಯಾರೂ ತಿಳಿಸಿರಲಿಲ್ಲವೆಂದು ಕೈತೊಳೆದುಕೊಂಡ. ತಪ್ಪು ಪೈಲಟ್‌ನದೆಂದು ತೀರ್ಮಾನವಾಯಿತು.

ಸುಳ್ಳು ಎಂದು ಒಬ್ಬರೇ ಕೂಗಾಡಿದ್ದು ಕರ್ನಲ್ ಸಾಹೇಬರು. ಅವರನ್ನು ಲಂಡನ್ನಿನ ರಾಯಭಾರ ಕಚೇರಿಗೆ ಕಳಿಸಿದರು. ಎಲ್ಲರೂ ಅಭಿನಂದಿಸಿದರಂತೆ. ಹಾರ ಹಾಕಿ ಊರು ಬಿಡಿಸುವುದು ಅಂದರೆ ಅದೇ. ಮತ್ತೆ ವಿಮಾನ ಹಾರಿಸಲಿಲ್ಲ, ಮತ್ತೆ ಊರಿಗೂ ಹೋಗಲಿಲ್ಲ.

ಒಂದು ದಿನ ಬನ್ ಕೊಡಲು ಬಂದವರ ಮುಖ ಹೊಳೆಯುತ್ತಿತ್ತು. ನಿವೃತ್ತನಾದ ಆ ಜನರಲ್ ಲಂಡನ್ನಿಗೆ ಬರುವವನಿದ್ದ, ಅವರ ಊಟದ ಕರೆಯನ್ನೂ ಒಪ್ಪಿಕೊಂಡಿದ್ದ. ಹಳೆಯದೆಲ್ಲ ಮರೆತುಹೋಗಿದೆ ಎಂದು ತಿಳಿದಿರಬೇಕು, ಪಾಪ. ಅಡಿಗೆ ನಾನು ಮಾಡಬೇಕಿತ್ತು.

"ಅಂಥವನಿಗೆ ನಾನು ಹೋಳಿಗೆ ತಟ್ಟಬೇಕೆ?" ಎಂದೆ.

"ಚೆನ್ನಾಗಿ ತಟ್ಟಿ. ಹೊಟ್ಟೆ ತುಂಬಿದವನಿಗೆ ಎದ್ದು ಓಡಲು ಆಗುವುದಿಲ್ಲ," ಎಂದರು.

ಆಮೇಲೆ ತಮ್ಮ ಕಡೆಯ ಪದ್ಧತಿ ವಿವರಿಸಿದರು. ಮುಖ್ಯ ಅತಿಥಿಯನ್ನು ಮನೆಯೊಡತಿಯ ಎಡಗಡೆ ಕೂರಿಸಬೇಕು. ಸಿಹಿ ಬಡಿಸಿದ ಮೇಲೆ ಅವನು ಎದ್ದು ನಿಂತು ಅವಳಿಗೆ ಕೃತಜ್ಞತೆ ಹೇಳಲೇಬೇಕು. ಗ್ಲಾಸು ಎತ್ತಿದರೆ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು. ಈ ಮನೆಗೆ ಒಡತಿ ಇರಲಿಲ್ಲವಲ್ಲ. ಆ ಸಂಜೆಯ ಮಟ್ಟಿಗೆ ಒಡತಿಯಾಗಿ ಕೂರಲು ಅವರು ಸ್ವೀಡನ್ನಿನಿಂದ ಕರೆಸಿದ್ದು ಸತ್ತ ಪೈಲಟ್‌ನ ಹೆಂಡತಿಯನ್ನು. ಜನರಲ್ ಆಕೆಯ ಮುಖವನ್ನು ಎಂದೂ ನೋಡಿರಲಿಲ್ಲ. ಅಂತ್ಯಕ್ರಿಯೆಗೆ ಹೂವು ಕಳಿಸಿದ್ದನಷ್ಟೆ.

ಆ ಸಂಜೆ ಹಳೆಯ ಗೆಳತಿ ಎಂದಷ್ಟೇ ಆಕೆಯನ್ನು ಪರಿಚಯಿಸಿದರು. ಬಡಿಸುವ ನೆಪದಲ್ಲಿ ನಾನು ನಿಂತೇ ಇದ್ದೆ; ಜನರಲ್‌ನ ಮುಖ ಹೇಗಾಗುತ್ತದೆಂದು ನೋಡುವುದನ್ನು ತಪ್ಪಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಜನರಲ್ ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿಂದ. ಎದ್ದು, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ, ಸೊಗಸಾಗಿ ಮಾತಾಡಿದ. ಇಂಥ ಒಡತಿಯ ಪಕ್ಕದಲ್ಲಿ ಕೂರಲು ನಾನೇನು ಪುಣ್ಯ ಮಾಡಿದ್ದೆನೋ ಎಂದ. ಆಗ ಕರ್ನಲ್ ಸಾಹೇಬರು ಎದ್ದರು. "ಇವರ ಗಂಡನ ನೆನಪಿಗೆ," ಎಂದು ಗ್ಲಾಸು ಎತ್ತಿ, ಆ ಹುಡುಗನ ಪೂರ್ತಿ ಹೆಸರು ಹೇಳಿದರು.

ಆಕೆಯೂ ಗ್ಲಾಸು ಎತ್ತಿ ಅವನನ್ನೇ ನೋಡಿದಳು. ಪದ್ಧತಿಯ ಮನುಷ್ಯ, ಅವನೂ ನೋಡಬೇಕಾಯಿತು. ಆಕೆ ಕುಡಿಯಲಿಲ್ಲ, ಗ್ಲಾಸು ಇಳಿಸಲೂ ಇಲ್ಲ. ಅವನ ಗ್ಲಾಸು ವಾಲಿ ವೈನ್ ಮೇಜುಬಟ್ಟೆಯ ಮೇಲೆ ಚೆಲ್ಲಿತು.

"ಮಂಜು ಇತ್ತು. ನನಗೆ ಗೊತ್ತಿತ್ತು," ಎಂದ.

ಆಕೆ ಗ್ಲಾಸನ್ನು ಹಾಗೆಯೇ ಕೆಳಗಿಟ್ಟಳು. ಕೋಟು ಹುಡುಕಿಕೊಂಡು ಹೊರಟ ಅವನಿಗೆ ಟ್ಯಾಕ್ಸಿ ಕರೆಯಲು ಯಾರೂ ಏಳಲಿಲ್ಲ. ನನಗೆ ಹೊಟ್ಟೆಯೊಳಗೆ ತಣ್ಣಗೆ ಹಾಲು ಹೊಯ್ದ ಹಾಗಾಯಿತು. ಅಡಿಗೆಮನೆಯಲ್ಲಿ ಕರ್ನಲ್ ಸಾಹೇಬರು ಪಾತ್ರೆ ತೊಳೆಯುತ್ತಾ ಸಿಳ್ಳೆ ಹಾಕುತ್ತಿದ್ದರು. ಸೇಡು ತೀರಿಸಿಕೊಂಡರೂ ಶಾಂತಿ ಸಿಗುವುದಿಲ್ಲ ಎನ್ನುವವರು ಆ ಸಿಳ್ಳೆ ಕೇಳಬೇಕಿತ್ತು.

ಆಮೇಲೆ ಬೇಲಿಯ ಬಳಿ ಕಂಡಾಗಲೆಲ್ಲ, "ನಿಮ್ಮ ಸರ್ಜನ್‌ನನ್ನು ಎಂದು ಕರೆಯುತ್ತೀರಿ? ಎಡಗಡೆಯ ಕುರ್ಚಿ ನಾನು ಹಾಕುತ್ತೇನೆ," ಎನ್ನುತ್ತಿದ್ದರು. ನನಗೂ ಆಸೆ. ನಮ್ಮವರು ಮಾತ್ರ, "ಬ್ಯಾಡ, ಮನಿಗೆ ಕರದು ಮಾನಾ ಕಳಿಯೋದು ನಮಗ ಒಪ್ಪೂದಿಲ್ಲ," ಅನ್ನುತ್ತಿದ್ದರು. ಮುಂದಿನ ಬೇಸಿಗೆ ಬರಲಿ, ನಮ್ಮವರ ನಿವೃತ್ತಿ ಆಗಲಿ ಎಂದು ನಾನೂ ಮುಂದೂಡಿದೆ... ಅಷ್ಟರಲ್ಲಿ ಒಂದು ಚಳಿಗಾಲ ಕರ್ನಲ್ ಸಾಹೇಬರೇ ಹೋಗಿಬಿಟ್ಟರು. ಆ ಮನೆಗೆ ಬೇರೆಯವರು ಬಂದರು. ಶನಿವಾರದ ಘಮ ನಿಂತುಹೋಯಿತು.

ಮೊನ್ನೆ ಹಾಲ್‌ನಲ್ಲಿ ಸರ್ಜನ್‌ನ ಹೆಂಡತಿ ನಮ್ಮ ಬಳಿ ಬಂದು, ಬಂದದ್ದಕ್ಕೆ ಕೃತಜ್ಞತೆ ಹೇಳಿದಳು. ನಮ್ಮವರು ಎದ್ದು ಅವಳ ಕೈ ಹಿಡಿದು ಸಮಾಧಾನ ಮಾಡಿದರು. ಆಕೆ ಹೋದ ಮೇಲೆ ನನ್ನ ಮುಖ ನೋಡಿ, "ಇನ್ನರೆ ಬಿಡ. ಅಂವಾ ಸತ್ತಾನ," ಎಂದರು.

"ಅಂವಾ ಸತ್ತಾನರೀ. ನನ್ನ ಸಿಟ್ಟು ಸತ್ತಿಲ್ಲ," ಎಂದೆ.

ಅವರು ತಮ್ಮ ಬನ್ ಕೈಗೆತ್ತಿಕೊಂಡರು. ನನ್ನ ಎಡಗಡೆಯ ಕುರ್ಚಿಯ ಮೇಲೆ ಯಾರದೋ ಕೋಟು ಬಿದ್ದಿತ್ತು. ಕುರ್ಚಿ ಹಾಕಿಕೊಡುತ್ತೇನೆಂದವರು ಇಲ್ಲ, ಕೂರಬೇಕಾದವನೂ ಇಲ್ಲ. ನನ್ನ ಹೋಳಿಗೆ ತಿನ್ನದೆಯೇ ಅವನು ತಪ್ಪಿಸಿಕೊಂಡ.